ಬಡತನವೂ ಅಧ್ಯಯನದ ವಿಷಯವೇ

ಪದವಿಪೂರ್ವ ಪರೀಕ್ಷೆಯ ಫಲಿತಾಂಶ ಹೊರಬಿದ್ದೊಡನೆ ನಮ್ಮ ಕುಟುಂಬಗಳಲ್ಲಿ ಎಂಜಿನಿಯರಿಂಗ್, ನರ್ಸಿಂಗ್, ಹೋಟೆಲ್ ಮ್ಯಾನೇಜ್‌ಮೆಂಟ್‌ಗಳ ವಿಚಾರ ಆರಂಭವಾಗುತ್ತದೆ. ಅರ್ಥಶಾಸ್ತ್ರ ಓದುತ್ತೇನೆನ್ನುವ ಮಗಳಿಗೆ, ಬ್ಯಾಂಕ್ ಪರೀಕ್ಷೆಗಾದರೂ ಉಪಯೋಗವಾದೀತು ಎಂಬಷ್ಟೇ ಸಮಾಧಾನ. ಬಡ ರಾಷ್ಟ್ರಗಳು ಬಡವಾಗಿಯೇ ಉಳಿಯುವುದೇಕೆ ಎಂದು ಶೋಧಿಸುವ ಅಭಿವೃದ್ಧಿ ಅರ್ಥಶಾಸ್ತ್ರವೆಂಬ ಶಾಖೆಯೊಂದು ಇದೆಯೆಂಬುದನ್ನು ಹೇಳುವವರೇ ವಿರಳ. ಬಡವರೆಂದರೆ ನಮಗೆ ತಪಸ್ಸುಕಾಲದ ಕಾಣಿಕೆ ಮತ್ತು ಸಂತ ವಿನ್ಸೆಂಟ್ ಡಿ ಪೌಲ್ ಸಭೆಯ ಅಕ್ಕಿ. ಇವು ಅಗತ್ಯವೇ; ಆದರೆ ಸಾಲವು.

1943ರ ಬಂಗಾಳದ ಕ್ಷಾಮವನ್ನು ಪರಿಶೀಲಿಸಿದ ಅಮರ್ತ್ಯ ಸೇನ್ ಅವರು, ಧಾನ್ಯದ ಕೊರತೆಯೊಂದೇ ಆ ಸಾವುಗಳಿಗೆ ಕಾರಣವಲ್ಲವೆಂದು 1981ರಲ್ಲಿ ವಾದಿಸಿದರು. ಬೆಲೆ ಏರಿದಾಗ ಕೂಲಿಕಾರನ ಕೊಳ್ಳುವ ಶಕ್ತಿ ಕುಸಿಯಿತು. ಕಾರಣವನ್ನು ತಪ್ಪಾಗಿ ಗುರುತಿಸಿದರೆ ಪರಿಹಾರವೂ ತಪ್ಪುತ್ತದೆಯಲ್ಲವೇ?

ಸದುದ್ದೇಶವಿದ್ದೂ ಹೀಗಾಗಬಹುದು ಎಂಬುದಕ್ಕೆ ಟಾಂಜಾನಿಯದ ಪ್ರಥಮ ರಾಷ್ಟ್ರಾಧ್ಯಕ್ಷ ಜೂಲಿಯಸ್ ನೈರೇರೆಯವರೇ ನಿದರ್ಶನ. ಅವರು ನಿಷ್ಠಾವಂತ ಕಥೋಲಿಕರು, ಬಲಿಪೂಜೆಯನ್ನು ತಪ್ಪಿಸದವರು. ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರ, ಇತಿಹಾಸಗಳನ್ನು ಅಭ್ಯಸಿಸಿ 1952ರಲ್ಲಿ ಪದವಿ ಪಡೆದು, ಪುಗುವಿನ ಸಂತ ಫ್ರಾನ್ಸಿಸ್ ಕಾಲೇಜಿನಲ್ಲಿ ಬೋಧಿಸಿದರು. ಜನರು ಅವರನ್ನು ಕೊನೆಯವರೆಗೂ 'ಮ್ವಾಲಿಮು', ಅಂದರೆ ಉಪಾಧ್ಯಾಯರು, ಎಂದೇ ಕರೆದರು. (ಷೇಕ್ಸ್‌ಪಿಯರನ 'ಜೂಲಿಯಸ್ ಸೀಸರ್' ನಾಟಕವನ್ನು ಸ್ವಾಹಿಲಿಗೆ ಅನುವಾದಿಸಿದವರೂ ಅವರೇ!) 1967ರ ಫೆಬ್ರವರಿಯಲ್ಲಿ ಅರುಷಾ ಘೋಷಣೆಯ ಮೂಲಕ ಅವರು ಸ್ವಾವಲಂಬನೆಯ ಸಮಾಜವಾದವನ್ನು ಸಾರಿದರು. ಮುಂದಿನ ತಿಂಗಳೇ ಜಗದ್ಗುರು ಆರನೇ ಪೌಲರು ಜನಾಂಗಗಳ ಪ್ರಗತಿಯನ್ನು ಕುರಿತ ತಮ್ಮ ವಿಶ್ವಪತ್ರವನ್ನು ಹೊರಡಿಸಿದರು. ಆ ಕಾಲದ ಭರವಸೆಯೇ ಅಂಥದು.

ನೈರೇರೆಯವರ ನೀತಿಯ ಹೆಸರು 'ಉಜಮಾ', ಎಂದರೆ ಕುಟುಂಬಭಾವ. ಚದುರಿದ ರೈತರು ಒಂದೆಡೆ ನೆಲೆಸಿದರೆ ಶಾಲೆ, ನೀರು, ಔಷಧಿ ಒದಗಿಸುವುದು ಸುಲಭವೆಂಬ ಎಣಿಕೆ ತಪ್ಪಲ್ಲ. ಆದರೆ ಸ್ವಇಚ್ಛೆಯಿಂದ ಆಗಬೇಕಾದುದನ್ನು 1973ರ ಬಳಿಕ ಬಲವಂತದಿಂದ ಮಾಡಿಸಲಾಯಿತು. ಲಕ್ಷಾಂತರ ಜನರು ಸ್ಥಳಾಂತರಗೊಂಡರು; ಹೊಲ ಒಂದೆಡೆ, ಮನೆ ಇನ್ನೊಂದೆಡೆಯಾಯಿತು. ಬೆಳೆಗೆ ಸರಕಾರಿ ಮಂಡಳಿಗಳು ಕೊಟ್ಟ ಬೆಲೆ ಅಲ್ಪ. ಬರಗಾಲ, ತೈಲದ ಬೆಲೆಯೇರಿಕೆ, 1978-79ರ ಉಗಾಂಡ ಯುದ್ಧ ಇವೆಲ್ಲ ಜೊತೆಗೂಡಿದವು. ದೋಷವೆಲ್ಲ ಅವರದೇ ಎನ್ನುವವರನ್ನು ನಾನು ಒಪ್ಪುವುದಿಲ್ಲ. ಆದರೂ ತನ್ನ ಮಣ್ಣನ್ನು ಬಲ್ಲ ರೈತನನ್ನು ಯಾರೂ ಕೇಳಲಿಲ್ಲವೆಂಬುದು ಸತ್ಯ.

ಅಕ್ಷರಪ್ರಸಾರದಲ್ಲಿ ಮಾತ್ರ ಆ ಬಡ ದೇಶ ಬಹಳ ಮುಂದೆ ಸಾಗಿತು. ಸಾಲದ ಹೊರೆಯ ವರ್ಷಗಳಲ್ಲಿ ಪ್ರಾಥಮಿಕ ಶಾಲೆಗಳಿಗೆ ಶುಲ್ಕ ಮರಳಿತು, ಮಕ್ಕಳು ಹೊರಗುಳಿದರು. 2000ದ ಜುಬಿಲಿ ವರ್ಷದಲ್ಲಿ ಬಡ ರಾಷ್ಟ್ರಗಳ ಸಾಲವನ್ನು ಇಳಿಸಬೇಕೆಂದು ಜಗದ್ಗುರು ಎರಡನೇ ಜಾನ್ ಪೌಲರು 1994ರಲ್ಲಿಯೇ ಕೇಳಿದ್ದರು. 2001ರಲ್ಲಿ ಟಾಂಜಾನಿಯಕ್ಕೆ ಸಾಲಪರಿಹಾರ ದೊರೆಯಿತು; ಅದೇ ವರ್ಷ ಶುಲ್ಕ ರದ್ದಾಗಿ, ತರಗತಿಗಳು ಮಕ್ಕಳಿಂದ ಕಿಕ್ಕಿರಿದವು. ಇದರ ಹಿಂದೆ ಪ್ರಾರ್ಥನೆಯಿತ್ತು, ಚಳವಳಿಯಿತ್ತು. ಬಡ್ಡಿ, ರಫ್ತು, ಬಜೆಟ್‌ಗಳ ಲೆಕ್ಕವನ್ನು ಸಾಲಿಗರ ಮುಂದೆ ಬಿಡಿಸಿಟ್ಟವರೂ ಇದ್ದರು.

1999ರಲ್ಲಿ ನಿಧನರಾದ ನೈರೇರೆಯವರನ್ನು ಧರ್ಮಸಭೆ ಇಂದು ದೇವಸೇವಕರೆಂದು ಗುರುತಿಸುತ್ತದೆ. ನಮ್ಮ ಧರ್ಮಕೇಂದ್ರಗಳ ವೃತ್ತಿ ಮಾರ್ಗದರ್ಶನ ಶಿಬಿರಗಳಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರೊಬ್ಬರಿಗೆ ಒಂದು ತಾಸು ಕೊಟ್ಟರೆ, ಅವರ ಕಥೆಯಿಂದಲೇ ಆರಂಭಿಸಬಹುದು.