ಶವಾಗಾರದ ಕೆಲಸವನ್ನು ಕೀಳೆಂದವರು ಯಾರು?

ಮೃತರಿಗೆ ಸ್ನಾನ ಮಾಡಿಸುವುದು, ಕಫನ್ ತೊಡಿಸುವುದು, ಜನಾಝ ನಮಾಝ್ ನಿರ್ವಹಿಸುವುದು, ದಫನ ಮಾಡುವುದು ಫರ್ಝ್ ಕಿಫಾಯ ಎಂಬುದನ್ನು ಮದ್ರಸಾದ ಸಣ್ಣ ಮಕ್ಕಳೂ ಬಲ್ಲರು. ಕೆಲವರು ನಿರ್ವಹಿಸಿದರೆ ಎಲ್ಲರ ಹೊಣೆ ಇಳಿಯುತ್ತದೆ. ಯಾರೂ ಮುಂದಾಗದಿದ್ದರೆ ಊರಿಗೆ ಊರೇ ಪಾಪಕ್ಕೆ ಗುರಿಯಾಗುತ್ತದೆ. ಮೊಹಲ್ಲಾದಲ್ಲಿ ಮಯ್ಯಿತ್‌ಗೆ ಸ್ನಾನ ಮಾಡಿಸುವ ಹಿರಿಯರು ಬಂದರೆ ನಾವು ಎದ್ದು ಸಲಾಮ್ ಹೇಳುತ್ತೇವೆ. ಆದರೆ ಅದೇ ಮಯ್ಯಿತನ್ನು ಆಸ್ಪತ್ರೆಯ ಶವಾಗಾರದಲ್ಲಿ ಎತ್ತಿ, ಒರೆಸಿ, ಬಟ್ಟೆ ಸುತ್ತಿ ನಮ್ಮ ಕೈಗೆ ಒಪ್ಪಿಸಿದವನ ಹೆಸರನ್ನು ಕೇಳುವವರಿಲ್ಲ. ಅವನ ಕೈಯ ನೀರು ಕುಡಿಯಲು ಹಿಂಜರಿಯುವವರಿದ್ದಾರೆ. ಅವನ ಮಗಳನ್ನು ನೋಡಲು ಬಂದವರು, ತಂದೆಯ ಕೆಲಸ ತಿಳಿದ ಮೇಲೆ ಮತ್ತೆ ಆ ಕಡೆ ಸುಳಿಯುವುದಿಲ್ಲ. ಮನೆಯಲ್ಲಿ ಮಾಡಿದರೆ ಸವಾಬ್, ಆಸ್ಪತ್ರೆಯಲ್ಲಿ ಮಾಡಿದರೆ ಹೊಲಸು ಎಂಬ ಈ ಭೇದವನ್ನು ನಮ್ಮ ಸಮಾಜ ಯಾವ ಕಿತಾಬಿನಿಂದ ಕಲಿಯಿತು?

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳನ್ನೇ ನೋಡೋಣ. ರಸ್ತೆ ಅಪಘಾತದಲ್ಲಿ ಸತ್ತವರು, ಭೀಮೆಯಲ್ಲಿ ಮುಳುಗಿದವರು, ತೊಗರಿ ಹೊಲದಲ್ಲಿ ಹಾವು ಕಚ್ಚಿದವರು, ಸಾಲದ ಭಾರಕ್ಕೆ ಬೆಳೆಯ ಔಷಧ ಕುಡಿದವರು - ಇವರೆಲ್ಲರ ದೇಹ ಮನೆಗೆ ಬರುವ ಮೊದಲು ಶವಾಗಾರವನ್ನು ಹಾದು ಬರಬೇಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಬಿಸಿಲ ನಾಡಿನಲ್ಲಿ ದೇಹ ಕೆಡಲು ಹೆಚ್ಚು ಹೊತ್ತು ಬೇಕಿಲ್ಲ. ಅದನ್ನು ಬರಮಾಡಿಕೊಂಡು, ಗುರುತಿನ ಚೀಟಿ ಕಟ್ಟಿ, ದಾಖಲೆ ಪುಸ್ತಕದಲ್ಲಿ ಬರೆಸಿ, ಸುಮಾರು 4 ಡಿಗ್ರಿಯ ಶೀತಪೆಟ್ಟಿಗೆಯಲ್ಲಿಟ್ಟು ಕಾಯುವವರು ಅಲ್ಲಿನ ಸಿಬ್ಬಂದಿ. ವೈದ್ಯರ ಪರೀಕ್ಷೆ ಮುಗಿದ ಮೇಲೆ ತೆರೆದ ದೇಹವನ್ನು ಹೊಲಿದು ತೊಳೆಯುವವರೂ ಅವರೇ.

ದೇಹ ಕೊಡಲು ತಡವಾದರೆ ಮೊದಲ ಬೈಗುಳವೂ ಅವರಿಗೇ. ಆದರೆ ತಡೆಯುವವರು ಅವರಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೆಯ ಕಲಮಿನಂತೆ ಅಸಹಜ ಸಾವಿನಲ್ಲಿ ಪೊಲೀಸರು ಪಂಚನಾಮೆ ಮಾಡಬೇಕು. ಸೌಕರ್ಯವಿರುವ ಆಸ್ಪತ್ರೆಗಳಲ್ಲಿ ಸೂರ್ಯಾಸ್ತದ ನಂತರವೂ ಶವಪರೀಕ್ಷೆ ನಡೆಸಲು ಕೇಂದ್ರ ಆರೋಗ್ಯ ಸಚಿವಾಲಯ 2021ರ ನವೆಂಬರಿನಲ್ಲಿ ಅನುಮತಿ ನೀಡಿದೆ. ಕೊಲೆ, ಆತ್ಮಹತ್ಯೆ, ಸಂಶಯಾಸ್ಪದ ಸಾವುಗಳಿಗೆ ಸಾಮಾನ್ಯವಾಗಿ ಇದು ಅನ್ವಯಿಸುವುದಿಲ್ಲ. ಬೇಗ ದಫನ ಮಾಡಬೇಕೆಂಬ ನಮ್ಮ ತವಕ ನ್ಯಾಯವಾದದ್ದು. ಅದಕ್ಕಾಗಿ ವೈದ್ಯಾಧಿಕಾರಿಯನ್ನೂ ಠಾಣೆಯನ್ನೂ ವಿನಯದಿಂದ ಕೇಳಬೇಕೇ ಹೊರತು, ಬಾಗಿಲಲ್ಲಿ ನಿಂತ ಬಡ ನೌಕರನ ಕೊರಳಪಟ್ಟಿಗೆ ಕೈ ಹಾಕುವುದಲ್ಲ.

ಅದು ನಾಪಾಕಿಯ ಕೆಲಸ ಎನ್ನುವವರಿಗೆ ಪ್ರವಾದಿವರ್ಯರ(ಸ) ಬೋಧನೆಯೇ ಉತ್ತರ. ಸತ್ಯವಿಶ್ವಾಸಿ ಅಶುದ್ಧನಾಗುವುದಿಲ್ಲ ಎಂದು ಅವರು ಅಬೂ ಹುರೈರಾರಿಗೆ(ರ) ತಿಳಿಸಿದರು. ಯಹೂದಿಯೊಬ್ಬನ ಶವಯಾತ್ರೆ ಸಾಗುವಾಗ ಎದ್ದು ನಿಂತರು; ಸಂಗಾತಿಗಳು ಅಚ್ಚರಿಪಟ್ಟಾಗ, ಅದೂ ಒಂದು ಜೀವವಲ್ಲವೇ ಎಂದು ಕೇಳಿದರು. ಮಸೀದಿ ಗುಡಿಸುತ್ತಿದ್ದ ಮಹಿಳೆ ತೀರಿಕೊಂಡದ್ದನ್ನು ಸಣ್ಣ ವಿಷಯವೆಂದು ಬಗೆದು ಯಾರೂ ತಿಳಿಸದಿದ್ದಾಗ, ಸ್ವತಃ ಆಕೆಯ ಕಬರಿನ ಬಳಿಗೆ ಹೋಗಿ ನಮಾಝ್ ನಿರ್ವಹಿಸಿದರು. ಜನ ಕೀಳೆಂದು ಕಂಡ ಕೆಲಸಗಾರರನ್ನು ಪ್ರವಾದಿವರ್ಯರು(ಸ) ಹೇಗೆ ಕಂಡರೆಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಮೃತನ ಎಲುಬು ಮುರಿಯುವುದು ಬದುಕಿರುವವನ ಎಲುಬು ಮುರಿದಂತೆ ಎಂಬ ಹದೀಸನ್ನು ಮುಂದಿಟ್ಟು ಶವಪರೀಕ್ಷೆಯನ್ನೇ ವಿರೋಧಿಸುವವರಿದ್ದಾರೆ. ಅಪರಾಧ ತನಿಖೆಯಂತಹ ಅನಿವಾರ್ಯ ಸಂದರ್ಭಗಳಲ್ಲಿ ಅದಕ್ಕೆ ಅನುಮತಿಯಿದೆಯೆಂದು 1987ರಲ್ಲಿ ಮಕ್ಕಾದಲ್ಲಿ ಸೇರಿದ ರಾಬಿತಾದ ಫಿಕ್ಹ್ ಅಕಾಡೆಮಿ ತೀರ್ಮಾನಿಸಿದೆ. ಹಾಗಿರುವಾಗ ಈ ಹದೀಸಿನ ಅಮಾನತು ಯಾರ ಕೈಯಲ್ಲಿದೆ? ದೇಹವನ್ನು ಎಳೆದಾಡದೆ ಎತ್ತುವ, ಮರ್ಯಾದೆಯ ಅಂಗಗಳನ್ನು ಮುಚ್ಚುವ, ಅಂದವಾಗಿ ಹೊಲಿಯುವ ಆ ನೌಕರನ ಕೈಯಲ್ಲಿದೆ. ಸಂವಿಧಾನದ 21ನೆಯ ವಿಧಿಯ ಘನತೆ ಮೃತದೇಹಕ್ಕೂ ಸಲ್ಲುತ್ತದೆಂದು 1995ರ ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಘನತೆಯನ್ನು ಕಾಪಾಡುವವನಿಗೇ ಘನತೆ ಇಲ್ಲವೆಂದರೆ ಹೇಗೆ?

ದೇಶದ ಮೊದಲ ಕೋವಿಡ್ ಸಾವು ದಾಖಲಾದದ್ದು ನಮ್ಮ ಕಲಬುರಗಿ ಜಿಲ್ಲೆಯಲ್ಲೇ, 2020ರ ಮಾರ್ಚ್ 10ರಂದು. ಅನಂತರದ ತಿಂಗಳುಗಳಲ್ಲಿ ದೇಶದ ಎಷ್ಟೋ ಕಡೆ ಹೆತ್ತ ಮಕ್ಕಳೇ ದೂರ ನಿಂತರು. ಶವ ಮುಟ್ಟಿದವರು ಶವಾಗಾರದ ನೌಕರರು ಮತ್ತು ಸ್ವಯಂಸೇವಕರು. ಅದೇ ವರ್ಷದ ಜೂನಿನಲ್ಲಿ ಬಳ್ಳಾರಿಯಲ್ಲಿ ಶವಗಳನ್ನು ಒಂದೇ ಗುಂಡಿಗೆ ಎಸೆದ ದೃಶ್ಯ ಕಂಡು ನಾಡು ಮರುಗಿತು, ಜಿಲ್ಲಾಡಳಿತ ಕ್ಷಮೆ ಯಾಚಿಸಿತು. ತರಬೇತಿ ಮತ್ತು ದೇವಭಯ ಇಲ್ಲದ ಕೈಗೆ ಮೃತರು ಸಿಕ್ಕರೆ ಏನಾಗುತ್ತದೆಂಬುದಕ್ಕೆ ಅದು ಪಾಠ.

ನಮ್ಮ ಸಹೋದರಿಯರ ವಿಷಯ ಇನ್ನೂ ಗಂಭೀರ. ಮನೆಯಲ್ಲಿ ಹೆಣ್ಣಿನ ಮಯ್ಯಿತನ್ನು ಪರಪುರುಷ ನೋಡಬಾರದೆಂದು ಪರದೆ ಕಟ್ಟುತ್ತೇವೆ. ಶವಾಗಾರದಲ್ಲಿ ಅವಳ ದೇಹ ಗಂಡಸರ ಕೈಯಲ್ಲಿರುತ್ತದೆ. ಆಗ ತಲೆ ತಗ್ಗಿಸಿ ಸುಮ್ಮನಿರುತ್ತೇವೆ. ಪ್ರವಾದಿಪುತ್ರಿಗೆ ಸ್ನಾನ ಮಾಡಿಸಿದವರು ಉಮ್ಮು ಅತಿಯ್ಯಾ(ರ). ಬೆಸ ಸಂಖ್ಯೆಯಲ್ಲಿ ತೊಳೆಯುವುದು, ಬೋರೆ ಎಲೆಯ ನೀರು, ಕೊನೆಯಲ್ಲಿ ಕರ್ಪೂರ - ಈ ಕ್ರಮವನ್ನು ಸಮುದಾಯ ಕಲಿತದ್ದು ಆ ಮಹಿಳೆಯ ವರದಿಯಿಂದ. ಅವರ ವಾರಸುದಾರರಾದ ಹೆಣ್ಣುಮಕ್ಕಳು ಈ ಕೆಲಸಕ್ಕೆ ಅರ್ಜಿ ಹಾಕಿದರೆ ತಡೆಯುವ ಹಕ್ಕು ಯಾರಿಗಿದೆ?

ಈ ವೃತ್ತಿಯಲ್ಲಿರುವವರಿಗೂ ಒಂದು ಮಾತು. ದುಃಖದಲ್ಲಿ ನಿಂತವರಿಂದ ‘ಖರ್ಚಿಗೆ’ ಎಂದು ಹಣ ಕೇಳುವುದು ಹರಾಮ್. ಸಂಬಳ ಸಾಲದೆಂಬುದು ನಿಜ. ಅದನ್ನು ಸರ್ಕಾರದಿಂದ, ಗುತ್ತಿಗೆದಾರನಿಂದ ಕೇಳಿರಿ, ಅನಾಥರ ಜೇಬಿನಿಂದಲ್ಲ. ವಾಸನೆ ತಾಳಲಾರದೆ ಮದ್ಯಕ್ಕೆ ಶರಣಾಗುವುದೂ ಪರಿಹಾರವಲ್ಲ.

ಮಸೀದಿ ಕಮಿಟಿಗಳು ಇಷ್ಟನ್ನಾದರೂ ಮಾಡಲಿ. ಜುಮಾ ಭಾಷಣದಲ್ಲಿ ಈ ಕೆಲಸದ ಹಿರಿಮೆಯನ್ನು ತಿಳಿಸಲಿ. ತಾಲೂಕು ಆಸ್ಪತ್ರೆಯ ಶವಾಗಾರಕ್ಕೆ ಹೋಗಿ ಶೀತಪೆಟ್ಟಿಗೆ ನಡೆಯುತ್ತಿದೆಯೇ, ನೀರಿದೆಯೇ, ನೌಕರರಿಗೆ ಕೈಗವಸು, ಬೂಟು, ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸು ಸಿಕ್ಕಿವೆಯೇ ಎಂದು ಕೇಳಲಿ. ಇಲ್ಲವಾದರೆ ಜಿಲ್ಲಾಧಿಕಾರಿಗೆ ಮನವಿ ಕೊಡಲಿ. ಓದಿದ ಯುವಕ ಯುವತಿಯರನ್ನು ಈ ಸೇವೆಗೆ ಹುರಿದುಂಬಿಸಲಿ. ಈ ಕೆಲಸ ಮಾಡುವವನು ಯಾವ ಧರ್ಮದವನೇ ಆಗಿರಲಿ, ನಮ್ಮ ಮದುವೆಯ ದಸ್ತರ್‌ಖಾನಿನಲ್ಲಿ ಅವನಿಗೆ ಎಲ್ಲರ ಜೊತೆ ಸ್ಥಳವಿರಲಿ.

ನಾಳೆ ನಮ್ಮ ದೇಹ ಯಾರ ಕೈಗೆ ಸೇರುವುದೋ ಅಲ್ಲಾಹನೊಬ್ಬನೇ ಬಲ್ಲ. ಆ ಕೈಗಳಲ್ಲಿ ಕರುಣೆಯನ್ನೂ, ನಮ್ಮ ಹೃದಯಗಳಲ್ಲಿ ಅವುಗಳ ಮೇಲಿನ ಗೌರವವನ್ನೂ ಅವನು ತುಂಬಲಿ. ಆಮೀನ್.