ಮೌಸ್ ಅವರ ಕೈಯಾಗೇ ಇರಲಿ

ಬೀದರಿನಲ್ಲಿ ಒಬ್ಬನಿಗೆ ‘ಕಂಪ್ಯೂಟರ್ ಬಲ್ಲವ’ ಅಂತ ಒಂದು ಸಲ ಹೆಸರು ಬಿದ್ದರೆ ಮುಗೀತು. ಆಫೀಸಿನ ಪ್ರಿಂಟರ್ ನಿಂತರೆ ಅವನು, ಗಲ್ಲಿಯ ಲ್ಯಾಪ್‌ಟಾಪ್ ಆನ್ ಆಗದಿದ್ದರೆ ಅವನು, ಭಾಲ್ಕಿಗೆ ನೆಂಟರ ಮನೆಗೆ ಹೋದರೆ ತಾಟಿನ ಮುಂದೆ ಕೂರುವ ಮೊದಲೇ “ಜರಾ ಇದು ನೋಡ್ರಿ”. ಜರಾ ಅನ್ನೋದು ನಮ್ಮ ಕಡೆ ಐದು ನಿಮಿಷಕ್ಕೂ ಸೈ, ಮೂರು ತಾಸಿಗೂ ಸೈ.

ಪುಕ್ಕಟೆ ದುಡಿಸಿಕೊಳ್ತಾರೆ ಅಂತ ಅಳುವ ಬರಹ ಇದಲ್ಲ. ಅಂಥವು ಬೇಕಾದಷ್ಟಿವೆ. ನನ್ನ ತಕರಾರು ಕೇಳುವವರ ಮೇಲಿಲ್ಲ, ನೋಡಿಕೊಡುವವರ ಮೇಲಿದೆ. ಬೆಂಗಳೂರು, ಹೈದರಾಬಾದ್, ಪುಣೆಯಲ್ಲಿ ಕೆಲಸ ಮಾಡ್ತಾ, ಹಬ್ಬಕ್ಕೆ ಊರಿಗೆ ಬಂದಾಗ ಅಪ್ಪನ, ಕಾಕಾನ, ಹಳೇ ಮಾಸ್ತರರ ಕಂಪ್ಯೂಟರ್ ‘ಸರಿ’ ಮಾಡಿ ಹೋಗ್ತೀರಲ್ಲ, ನಿಮ್ಮ ಮೇಲೆ.

ನೀವು ಮಾಡುವ ರೀತಿ ಹೀಗೆ. “ಜರಾ ಸರೀರಿ ಕಾಕಾ” ಅಂತ ಮೌಸ್ ಕಿತ್ಕೊಳ್ತೀರಿ. ಹತ್ತು ಕಿಟಕಿ ತೆಗೀತೀರಿ, ಹತ್ತು ಮುಚ್ತೀರಿ. ಕಾಕಾ ಹಿಂದೆ ನಿಂತು ನಿಮ್ಮ ಬೆರಳಿನ ವೇಗ ನೋಡ್ತಾ ಖುಷಿಪಡ್ತಾರೆ. ಏನಾಗಿತ್ತಪ್ಪ ಅಂತ ಕೇಳಿದರೆ “ಏನಿಲ್ಲ, ಸೆಟ್ಟಿಂಗು” ಅಂತೀರಿ. ಸೆಟ್ಟಿಂಗು ಅಂದರೆ ‘ನಿಮಗೆ ತಿಳಿಯೋದಲ್ಲ ಬಿಡ್ರಿ’ ಅಂತ. ಮುಂದಿನ ಸಲ ಅದೇ ತೊಂದರೆ ಬಂದಾಗ ಅವರಿಗೆ ಗೊತ್ತಿರುವ ಉಪಾಯ ಒಂದೇ, ನಿಮಗೆ ಫೋನ್ ಹಚ್ಚೋದು.

ಔರಾದಿನ ನಿವೃತ್ತ ಮಾಸ್ತರರೊಬ್ಬರು ನನಗೆ ಪರಿಚಯ. ಹತ್ತಾರು ವರ್ಷ ಸುತ್ತಲ ಹಳ್ಳಿ ತಿರುಗಿ ಬೀಸುವ ಪದ, ಒಗಟು, ಗಾದೆ ಬರ್ಕೊಂಡು ಬಂದು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟಿದ್ದರು. ದೀಪಾವಳಿಗೆ ಬಂದ ತಂಗಿಯ ಮಗ, ಬೆಂಗಳೂರಿನ ಸಾಫ್ಟ್‌ವೇರ್ ಹುಡುಗ, ಮಷೀನು ನಿಧಾನವಾಗಿದೆ ಅಂತ ಫಾರ್ಮ್ಯಾಟ್ ಹೊಡೆದ. ಫೈಲುಗಳನ್ನು ಪೆನ್‌ಡ್ರೈವಿಗೆ ಹಾಕ್ಕೊಂಡು ವಾಪಸ್ ತುಂಬಿದ, ಅಷ್ಟರ ಮಟ್ಟಿಗೆ ಜಾಣ. ಆದರೆ ತೆರೆದರೆ ಒಂದಕ್ಷರ ಕನ್ನಡ ಇಲ್ಲ. ಇಂಗ್ಲಿಷ್ ಅಕ್ಷರ, ಅದರ ತಲೆ ಮೇಲೆ ಫ್ರೆಂಚರಂಥ ಗೀಟು, ‘ನ’ ಇದ್ದಲ್ಲೆಲ್ಲ ಬ್ರಿಟಿಷರ ಪೌಂಡ್ ಗುರುತು. ಹುಡುಗ ನೋಡಿದವನೇ ತೀರ್ಪು ಕೊಟ್ಟ: “ವೈರಸ್ ಮಾಮಾ, ಕರಪ್ಟ್ ಆಗ್ಯಾವ, ಡಿಲೀಟ್ ಮಾಡಿಬಿಡ್ರಿ.” ಪೆನ್‌ಡ್ರೈವ್ ಖಾಲಿ ಮಾಡ್ಕೊಂಡು ಬಸ್ ಹತ್ತಿದ. ಮಾಸ್ತರರು ಹೇಳಿದ ಮಾತು ಕೇಳುವ ಜನ. ಒಂದು ಫೋಲ್ಡರ್ ಅಳಿಸಿದರು, ರಿಸೈಕಲ್ ಬಿನ್ನೂ ಖಾಲಿ ಮಾಡಿದರು. ಎರಡನೆಯದಕ್ಕೆ ಕೈ ಬರಲಿಲ್ಲ.

ಆ ಫೈಲುಗಳಿಗೆ ಏನೂ ಆಗಿರಲಿಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿಯಾಗಲಿ, 1998ರಲ್ಲಿ ಬಂದ ಬರಹವಾಗಲಿ, ಯೂನಿಕೋಡ್ ಬಳಕೆಗೆ ಬರುವ ಮುಂಚೆ ಕನ್ನಡಕ್ಕೆ ಮಾಡಿದ ಉಪಕಾರ ಸಣ್ಣದಲ್ಲ. ಆದರೆ ಆ ಹಳೇ ಪದ್ಧತಿಯಲ್ಲಿ ಕಂಪ್ಯೂಟರಿನ ಪಾಲಿಗೆ ಒಳಗಿರೋದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತವೇ. ಫಾಂಟ್ ಅನ್ನೋ ವೇಷ ತೊಡಿಸಿದಾಗ ಕನ್ನಡವಾಗಿ ಕಾಣುತ್ತೆ. ಫಾರ್ಮ್ಯಾಟ್ ಮಾಡಿದಾಗ ಹೋದದ್ದು ವೇಷ, ಪಾತ್ರಧಾರಿ ಅಲ್ಲೇ ಇದ್ದ. ನುಡಿಯನ್ನು ಮತ್ತೆ ಹಾಕಿದ್ದರೆ ಸಾಕಿತ್ತು. ಇಲ್ಲವೇ ಯೂನಿಕೋಡ್‌ಗೆ ಪರಿವರ್ತಿಸಿದ್ದರೆ ಕಾಯಂ ಚಿಂತೆ ತಪ್ಪುತ್ತಿತ್ತು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಿಂದಲೂ ಸ್ವಂತ ಮನೆ ಇದೆ. ಪರಿವರ್ತಕ ನುಡಿಯಲ್ಲೂ ಇದೆ, ಬರಹದಲ್ಲೂ ಇದೆ. ದೊಡ್ಡ ಕಂಪನಿಯಲ್ಲಿ ಕೋಡ್ ಬರೆಯುವ ಹುಡುಗನಿಗೆ ಇಷ್ಟು ಗೊತ್ತಿರಲಿಲ್ಲ, ಗೊತ್ತಿಲ್ಲ ಅನ್ನೋ ಮಾತೂ ಬಾಯಿಗೆ ಬರಲಿಲ್ಲ.

ಮಾಸ್ತರರಿಗೆ ನಾನು ಹೇಳಿದ್ದು ಇಷ್ಟೇ. ನಿಜಾಮರ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರಲ್ಲ, ನಿಮ್ಮ ಫೈಲು ಅದರ ಉಲ್ಟಾ; ಹೊರಗೆ ಕನ್ನಡ ಬೋರ್ಡು, ಒಳಗೆ ಇಂಗ್ಲಿಷ್. ಅವರು ನಕ್ಕರು. ಆಮೇಲೆ ತಾವೇ ಮೌಸ್ ಹಿಡಿದು ಉಳಿದ ಫೈಲುಗಳನ್ನು ಒಂದೊಂದಾಗಿ ಪರಿವರ್ತಿಸಿದರು. ಕೆಲವು ಒತ್ತಕ್ಷರ ತಪ್ಪಿದ್ದನ್ನು ತಿದ್ದಿದರು. ಎರಡು ತಾಸು ಹಿಡೀತು, ನನಗೆ ಆಗಿದ್ದರೆ ಇಪ್ಪತ್ತು ನಿಮಿಷ. ಅಳಿಸಿದ ಫೋಲ್ಡರ್ ಹೋಯಿತು. ಅದರಲ್ಲಿ ಹಾಡಿದ್ದ ಮುದುಕಿಯರಲ್ಲಿ ಹೆಚ್ಚಿನವರು ಈಗ ಇಲ್ಲ.

ಕ್ರ್ಯಾಕ್ ಮಾಡಿದ ವಿಂಡೋಸ್ ಬಗ್ಗೆ ಉದ್ದ ಹೇಳೋದಿಲ್ಲ. ಅದನ್ನು ಹಾಕೋಕೆ ಆಂಟಿವೈರಸ್ ಆಫ್ ಮಾಡ್ತೀರಿ, ನೀವು ಬಸ್ ಹತ್ತಿದ ಮೇಲೆ ಆನ್ ಮಾಡೋರು ಯಾರು? ಕಾಕಾನ ಇಮೇಲ್‌ಗೆ ಪಾಸ್‌ವರ್ಡ್ ನೀವೇ ಇಟ್ಟು, ರಿಕವರಿಗೆ ನಿಮ್ಮದೇ ಮೊಬೈಲ್ ನಂಬರ್ ಕೊಡ್ತೀರಿ. ಎರಡು ವರ್ಷದ ಮೇಲೆ ನೀವು ಸಿಮ್ ಬದಲಿಸಿರ್ತೀರಿ, ಅವರು ತಮ್ಮ ಖಾತೆಯ ಬಾಗಿಲಲ್ಲಿ ತಾವೇ ಪರದೇಶಿಯಾಗಿ ನಿಂತಿರ್ತಾರೆ.

ಇವೆಲ್ಲ ಹೊಟ್ಟೆಗೆ ಹಾಕ್ಕೊಳ್ಳಬಹುದು. ಹಾಕ್ಕೊಳ್ಳಲಾಗದ್ದು ದೂರದಿಂದ ಮಾಡುವ ರಿಪೇರಿ. ನಿಮ್ಮ ಮಾತನ್ನು ನೀವೇ ಒಮ್ಮೆ ಕೇಳಿಸ್ಕೊಳ್ಳಿ: “ಕಾಕಾ, ಎನಿಡೆಸ್ಕ್ ತೆಗೀರಿ. ಒಂಬತ್ತು ನಂಬರ್ ಬಂದಾವಲ್ಲ, ಓದ್ರಿ. ಈಗ ಅಕ್ಸೆಪ್ಟ್ ಒತ್ರಿ. ಇನ್ನ ಮೌಸ್ ಮುಟ್ಟಬ್ಯಾಡ್ರಿ, ನಾ ನೋಡ್ತೀನಿ.” ಇದೇ ಮಾತು, ಇದೇ ಕ್ರಮದಲ್ಲಿ, ಇನ್ಯಾರು ಹೇಳ್ತಾರೆ? 2019ರ ಫೆಬ್ರವರಿಯಲ್ಲೇ ರಿಸರ್ವ್ ಬ್ಯಾಂಕ್ ಆ ಆ್ಯಪ್‌ನ ಹೆಸರು ಹಿಡಿದು ಬ್ಯಾಂಕುಗಳಿಗೆ ಎಚ್ಚರಿಕೆ ಕಳಿಸಿತ್ತು. ಆ್ಯಪ್‌ನ ತಪ್ಪಿಲ್ಲ, ಅದು ಇರೋದೇ ದೂರದಿಂದ ಕೆಲಸ ಮಾಡೋಕೆ. ಆದರೆ ಮೋಸಗಾರ ನಿಮ್ಮ ಅಪ್ಪನಿಗೆ ಹೊಸದಾಗಿ ಏನೂ ಕಲಿಸಬೇಕಿಲ್ಲ. ತರಬೇತಿ ನೀವು ಕೊಟ್ಟು ಮುಗಿಸಿದ್ದೀರಿ.

ನನ್ನ ಸಹೋದ್ಯೋಗಿಯೊಬ್ಬರ ತಂದೆ ಇರೋದು ಭಾಲ್ಕಿಯಲ್ಲಿ. ಬ್ಯಾಂಕಿನಿಂದ ಅಂತ ಒಂದು ಕರೆ ಬಂತು, ಕೆವೈಸಿ ಮುಗಿದಿದೆ, ಲ್ಯಾಪ್‌ಟಾಪ್ ತೆಗೀರಿ, ನಂಬರ್ ಓದ್ರಿ. ಓದಿದರು. ಮೌಸ್ ಬಿಡ್ರಿ ಅಂದ, ಬಿಟ್ಟರು. ಮಗಳ ಮದುವೆಗೆ ಇಟ್ಟದ್ದು ಹೋಯಿತು. 1930ಕ್ಕೆ ಫೋನ್ ಮಾಡಿದ್ದು ಮರುದಿನ ಮಧ್ಯಾಹ್ನ, ಅಷ್ಟೊತ್ತಿಗೆ ದುಡ್ಡು ಹತ್ತು ಖಾತೆ ದಾಟಿತ್ತು. ಗುರುತಿಲ್ಲದವನಿಗೆ ಹ್ಯಾಂಗ ಕೊಟ್ರಿ ಅಂತ ಮಗ ರೇಗಿದಾಗ ಅವರು ಹೇಳಿದ್ದು: “ನೀ ಭಿ ಹಿಂಗೇ ಕೇಳ್ತಿದ್ದೆಲ್ಲಪ್ಪ.”

ಫ್ಯಾಮಿಲಿ ಗ್ರೂಪಿಗೆ ‘ಓಟಿಪಿ ಯಾರಿಗೂ ಹೇಳಬೇಡಿ’ ಅಂತ ವಿಡಿಯೊ ಫಾರ್ವರ್ಡ್ ಮಾಡ್ತಿದ್ದವನೂ ಇದೇ ಮಗ.

“ಅವರಿಗೆ ಕಲಿಯೋ ಮನಸ್ಸಿಲ್ಲ ಸರ್, ನಮಗೆ ಟೈಮ್ ಇಲ್ಲ” ಅಂತೀರಿ. ಎರಡನೇ ಅರ್ಧ ನಿಜ, ಮೊದಲನೆಯದು ಅದಕ್ಕೆ ಹೊದಿಸಿದ ಚಾದರ. ಬೀದರ್ ಬಜಾರಿನಲ್ಲಿ ಅಂಗಡಿ ಇಟ್ಟವನು ಗಿರಾಕಿಯ ಮುಖ ನೋಡಿ ಕನ್ನಡ, ಉರ್ದು, ಮರಾಠಿ, ತೆಲುಗು ಬದಲಿಸ್ತಾನೆ. ಕ್ಯೂಆರ್ ಕೋಡ್ ತೂಗಹಾಕೋದನ್ನು ಅವನಿಗೆ ಯಾವ ಕಾಲೇಜೂ ಕಲಿಸಲಿಲ್ಲ. ಅವನಿಗೆ ರೈಟ್ ಕ್ಲಿಕ್ ಬರೋದಿಲ್ಲ ಅನ್ನೋದು ನನಗಂತೂ ನಂಬಲು ಸಾಧ್ಯವಿಲ್ಲ. ಸಹನೆ ಇಲ್ಲದ್ದು ನಿಮಗೆ. ಇನ್ನೊಂದು ಗುಟ್ಟೂ ಇದೆ. ‘ನಮ್ಮ ಹುಡುಗ ಬಂದರೆ ಎಲ್ಲ ಸರಿ ಹೋಗ್ತದ’ ಅನ್ನಿಸಿಕೊಳ್ಳೋದು ಬಲು ರುಚಿ. ಅಪ್ರೈಸಲ್‌ನಲ್ಲಿ ಸಿಗದ ಹೊಗಳಿಕೆ ಅದು.

ನಮ್ಮ ಆಫೀಸಿನಲ್ಲಿ ನಾನು ಯಾರ ಮೌಸೂ ಮುಟ್ಟೋದಿಲ್ಲ. ಕೈ ಹಿಂದೆ ಕಟ್ಕೊಂಡು ನಿಲ್ತೀನಿ. ಸ್ಕ್ರೀನಿನ ಮೇಲೆ ಬಂದದ್ದನ್ನು ಗಟ್ಟಿಯಾಗಿ ಓದ್ರಿ ಅಂತೀನಿ. ಅರ್ಧ ತೊಂದರೆ ಓದಿದಾಗಲೇ ಬಗೆಹರಿಯುತ್ತೆ, ಯಾಕಂದರೆ ಅಲ್ಲಿವರೆಗೆ ಯಾರೂ ಓದಿರೋದಿಲ್ಲ. ಮಾಡಿದ್ದನ್ನು ಅವರ ಕೈಬರಹದಲ್ಲಿ, ಅವರ ಭಾಷೆಯಲ್ಲಿ, ಡೈರಿಯಲ್ಲಿ ಬರ್ಕೊಳ್ಳಬೇಕು. ಸೊಕ್ಕು ಅಂದವರಿದ್ದಾರೆ. “ಜರಾ ಮಾಡಿಕೊಟ್ರ ನಿಮ್ಮದೇನು ಹೋಗ್ತದ್ರಿ” ಅಂದವರೂ ಇದ್ದಾರೆ. ಅನ್ನಲಿ. ಮೂರನೇ ಸಲ ಕರೆಯೋದು ಕಡಿಮೆ.

ದೂರದಿಂದಲೇ ನೋಡಬೇಕಾದ ದಿನ ಬರ್ತದೆ, ಗೊತ್ತು. ಹಾಗಾದರೆ ಕರೆ ಅವರಿಂದ ಬರಲಿ, ನೀವಾಗಿ ಮಾಡಬೇಡಿ. ನಂಬರ್ ಓದುವ ಮೊದಲು ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಪ್ರಶ್ನೆ ಅವರು ನಿಮಗೆ ಕೇಳಲಿ. ಅಜ್ಜಿ ಎಮ್ಮೆಗೆ ಏನಂತ ಕರೀತಿದ್ದಳು, ಹೀಗೇನಾದರೂ. ಉತ್ತರ ಬರದಿದ್ದರೆ ಫೋನ್ ಇಡಲಿ, ಅದು ನೀವೇ ಆಗಿದ್ದರೂ. ಕೆಲಸ ಮುಗಿದ ಮೇಲೆ ಆ ಆ್ಯಪ್ ತೆಗೆದುಹಾಕೋದು ಅವರ ಕೈಯಿಂದಲೇ ಆಗಲಿ. ಅನ್‌ಇನ್‌ಸ್ಟಾಲ್ ಎಲ್ಲಿದೆ ಅಂತ ಕಾಕಾ ಹತ್ತು ನಿಮಿಷ ಹುಡುಕಲಿ. ನಿಮ್ಮ ಸ್ಟ್ಯಾಂಡ್‌ಅಪ್ ಮೀಟಿಂಗ್ ಕಾಯ್ತದೆ.