‘ಮುಂದೆ ಹೋಗಿ’ ಎನ್ನುವ ಮುನ್ನ

ಹೊರನಾಡಿನ ನಮ್ಮ ಸಂಘಗಳಲ್ಲಿ ಕವಿಗೋಷ್ಠಿಯನ್ನೋ ಉಪನ್ಯಾಸವನ್ನೋ ಬ್ರೌಸರಿನಿಂದಲೇ ನೇರ ಪ್ರಸಾರ ಮಾಡುವುದು ಈಗ ರೂಢಿಯಾಗಿದೆ. ಸಂಘದ ಜಾಲತಾಣ ತೆರೆದು ಕ್ಯಾಮೆರಾಕ್ಕೆ ಅನುಮತಿ ಕೊಟ್ಟರಾಯಿತು. ಆದರೆ ಹೊತ್ತಿಗೆ ಸರಿಯಾಗಿ ‘ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ’ ಎಂಬ ಎಚ್ಚರಿಕೆ ಮೂಡಿದರೆ, ಸಂಘಟಕರು ಎಲ್ಲರಿಗೂ ಹೇಳುವ ಉಪಾಯ ಒಂದೇ: ‘ಲೆಕ್ಕಿಸದೆ ಮುಂದೆ ಹೋಗಿ.’ ಈ ಉಪಾಯವನ್ನು ನಾವು ಕೈಬಿಡಬೇಕು.

ಬ್ರೌಸರಿನ ಹಟಕ್ಕೆ ಕಾರಣವಿದೆ. ಕ್ಯಾಮೆರಾ, ಮೈಕುಗಳು ಮನೆಯೊಳಗಿನ ಕಣ್ಣು ಕಿವಿಗಳು. ಎಚ್‌ಟಿಟಿಪಿಎಸ್ ಇಲ್ಲದ ಪುಟಕ್ಕೆ ಅವನ್ನು ಒಪ್ಪಿಸುವುದನ್ನು ಕ್ರೋಮ್ 2015ರಲ್ಲಿ, ಫೈರ್‌ಫಾಕ್ಸ್ 2019ರಲ್ಲಿ ನಿಲ್ಲಿಸಿದವು. ಗಣಕದೊಳಗಿನ ‘ಲೋಕಲ್‌ಹೋಸ್ಟ್’ ವಿಳಾಸಕ್ಕೆ ಮಾತ್ರ ವಿನಾಯಿತಿ ಉಂಟು. ಆದ್ದರಿಂದ ಪುಟ ಕಟ್ಟಿದವರ ಲ್ಯಾಪ್‌ಟಾಪಿನಲ್ಲಿ ಎಲ್ಲವೂ ಸರಿಯಾಗಿತ್ತು ಎಂಬ ಮಾತು ಸಾಕ್ಷಿಯಾಗಲಾರದು.

ದೋಷವನ್ನು ಹುಡುಕುವುದಕ್ಕೂ ಒಂದು ಕ್ರಮವಿದೆ. ಎಚ್ಚರಿಕೆ ಒಂದೇ ಗಣಕದಲ್ಲಿ ಕಂಡರೆ ಮೊದಲು ಅದರ ದಿನಾಂಕವನ್ನು ನೋಡಬೇಕು. ಗಡಿಯಾರ ತಪ್ಪಿದರೆ ಸರಿಯಾದ ಪ್ರಮಾಣಪತ್ರವೂ ಅವಧಿ ಮೀರಿದಂತೆ ತೋರುತ್ತದೆ. ಎಲ್ಲರಿಗೂ ಕಂಡರೆ ಪ್ರಮಾಣಪತ್ರದ ಅವಧಿಯನ್ನೂ ಅದರಲ್ಲಿರುವ ವಿಳಾಸವನ್ನೂ ಪರಿಶೀಲಿಸಬೇಕು. ಗಣಕದಲ್ಲಿ ತೆರೆದ ಪುಟ ಕೆಲವು ಫೋನುಗಳಲ್ಲಿ ತೆರೆಯದಿದ್ದರೆ, ಸರ್ವರು ಮಧ್ಯವರ್ತಿ ಪ್ರಮಾಣಪತ್ರವನ್ನು ಕಳಿಸದಿರುವ ಸಂಭವ ಹೆಚ್ಚು. ಪುಟ ತೆರೆದರೂ ದೃಶ್ಯ ಹೊರಡದಿದ್ದರೆ, ಅದನ್ನು ಒಯ್ಯುವ ವೆಬ್‌ಸಾಕೆಟ್ ವಿಳಾಸ ‘ಡಬ್ಲ್ಯೂಎಸ್‌ಎಸ್’ ಬದಲು ‘ಡಬ್ಲ್ಯೂಎಸ್’ ಎಂದು ಆರಂಭವಾಗಿದೆಯೇ ಎಂದು ನೋಡಬೇಕು. ಸುರಕ್ಷಿತ ಪುಟದೊಳಗಿಂದ ಅಂಥ ಸಂಪರ್ಕವನ್ನು ಬ್ರೌಸರು ತಡೆಯುತ್ತದೆ; ಕಾರಣವನ್ನು ಡೆವಲಪರ್ ಕನ್ಸೋಲಿನಲ್ಲಿ ಬರೆದಿಡುತ್ತದೆ. ಇವುಗಳಲ್ಲಿ ಮೊದಲನೆಯದನ್ನು ಬಿಟ್ಟು ಉಳಿದವೆಲ್ಲ ತಾಣ ನಡೆಸುವವರು ತಿದ್ದಬೇಕಾದ ದೋಷಗಳು. ಅವುಗಳ ಭಾರವನ್ನು ನೋಡುಗರ ಮೇಲೆ ಹೊರಿಸುವುದು ನ್ಯಾಯವಲ್ಲ.

ಕವಿತೆ ಕೇಳಲು ಇಷ್ಟೊಂದು ಕಾವಲೇಕೆ ಎಂದು ಕೇಳಬಹುದು. ಕವಿತೆಯನ್ನು ಯಾರೂ ಕದಿಯಲಾರರು, ನಿಜ. ಆದರೆ ಸಂಘದ ಲಾಗಿನ್ ಗುಪ್ತಪದ ಅದೇ ದಾರಿಯಲ್ಲಿ ಸಾಗುತ್ತದೆ. ಅದು ಕೈತಪ್ಪಿದರೆ ನಮ್ಮ ಹೆಸರಿನಲ್ಲಿ ಯಾರು ಏನನ್ನಾದರೂ ಪ್ರಸಾರ ಮಾಡಬಹುದು. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಇಂದು ನಮ್ಮ ಮಾತು ನಂಬಿ ಎಚ್ಚರಿಕೆಯನ್ನು ದಾಟಿದ ಹಿರಿಯರು, ನಾಳೆ ಬ್ಯಾಂಕಿನ ವೇಷದಲ್ಲಿ ಬಂದ ಪುಟದಲ್ಲಿಯೂ ಹಾಗೆಯೇ ದಾಟುತ್ತಾರೆ. ಆ ಅಭ್ಯಾಸವನ್ನು ಕಲಿಸಿದವರು ನಾವೇ ಆಗುತ್ತೇವೆ.

ಸಭಾಂಗಣ ಕಾಯ್ದಿರಿಸಲು ಒಬ್ಬರನ್ನು ನೇಮಿಸುವ ನಾವು, ಪ್ರಮಾಣಪತ್ರದ ನವೀಕರಣಕ್ಕೂ ಒಬ್ಬರನ್ನು ಹೊಣೆ ಮಾಡಬೇಕು. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಅದನ್ನು ಉಚಿತವಾಗಿಯೇ ಕೊಡುತ್ತದೆ, ನವೀಕರಣವನ್ನು ಸ್ವಯಂಚಾಲಿತಗೊಳಿಸಲೂಬಹುದು. 2029ರ ಮಾರ್ಚಿನಿಂದ ಯಾವ ಪ್ರಮಾಣಪತ್ರವೂ 47 ದಿನಗಳಿಗಿಂತ ಹೆಚ್ಚು ಬಾಳದೆಂಬ ನಿಯಮ ಬರಲಿರುವುದರಿಂದ, ನೆನಪಾದಾಗ ಮಾಡೋಣವೆಂಬ ಧೋರಣೆ ಇನ್ನು ನಡೆಯದು. ಹಿಂದಿನ ದಿನವೇ ಬೇರೊಂದು ಫೋನಿನಿಂದ, ಬೇರೊಂದು ಜಾಲದಿಂದ ಪರೀಕ್ಷಿಸೋಣ. ಆಗಲೂ ಕೆಟ್ಟರೆ ಅರ್ಧ ಗಂಟೆ ತಡವೆಂದು ಪ್ರಕಟಿಸೋಣ. ನಮ್ಮ ಶ್ರೋತೃಗಳು ಅಷ್ಟು ಹೊತ್ತು ಕಾದಾರು.